ನೀರಿಲ್ಲದ ‘ಹೂಂ’

ನಮ್ಮಣ್ಣಯ್ಯ ಕನ್ನಡಿಯಲ್ಲಿ ಮುಖ ನೋಡಿಕೊಂಡಾದ ಮೇಲೆ ಕನ್ನಡಿಯ ಹಿಂಬದಿಯನ್ನೂ ಒಮ್ಮೆ ಇಣುಕಿ ನೋಡುತ್ತಾನೆ! ನಗಬೇಡಿ, ಕಣ್ಣಾರೆ ಕಂಡಿದ್ದೇನೆ. ಒಳಗೆ ಕಾಣುವವನು ತಾನೇ ಹೌದೆಂದು ಖಾತ್ರಿಯಾಗದೆ ಅವನು ಬಾಚಣಿಗೆ ಮುಟ್ಟುವವನಲ್ಲ. ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಬಿ.ಪಿ. ನಮ್ಮಣ್ಣಯ್ಯನಿಗೆ ಅನುಮಾನ. ಅದಕ್ಕೆ ಮಾತ್ರೆ ಇದ್ದಿದ್ದರೂ ಅವನು ನುಂಗುತ್ತಿರಲಿಲ್ಲ. ಮಾತ್ರೆಯ ಮೇಲೇ ಅನುಮಾನ ಬರುತ್ತಿತ್ತು!

ಅವನು ಬಸ್ಸು ಹತ್ತುವುದನ್ನು ನೀವು ನೋಡಬೇಕು. ನಮ್ಮೂರು ಗಂಡಸಿಯಲ್ಲಿ ಅರಸೀಕೆರೆ ಬಸ್ಸು ಬಂದು ನಿಂತರೆ ಮೊದಲು ಬೋರ್ಡು ಓದುತ್ತಾನೆ. ಆಮೇಲೆ ಡ್ರೈವರನ್ನು ಕೇಳುತ್ತಾನೆ, ಕಂಡಕ್ಟರನ್ನು ಕೇಳುತ್ತಾನೆ, ಅದೂ ಸಾಲದೆ ಕಿಟಕಿಯ ಪಕ್ಕ ಕೂತ ಯಾವುದಾದರೂ ಅಜ್ಜಿಯನ್ನು ಕೇಳುತ್ತಾನೆ. “ಬೋರ್ಡು ಬರದೋನು ಒಬ್ಬ, ಓಡ್ಸೋನು ಇನ್ನೊಬ್ಬ. ಇಬ್ರೂ ಮಾತಾಡ್ಕಂಡವ್ರೋ ಇಲ್ವೋ ಯಾರಿಗ್ಗೊತ್ತು ಕಣವ್ವ?” ಎನ್ನುತ್ತಾನೆ. ಜಗತ್ತಿನ ಎಲ್ಲದರ ಮೇಲೂ ಅವನಿಗೆ ಅನುಮಾನವಿದ್ದರೂ ಬಸ್ಸುಗಳ ಮೇಲೆ ಸ್ವಲ್ಪ ಹೆಚ್ಚೇ ಇತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಅರಸೀಕೆರೆ ಪಕ್ಕದ ಮಾಲೇಕಲ್ಲು ತಿರುಪತಿಗೆ ಹೋದಾಗಲೂ ಅಷ್ಟೇ. ಬೆಟ್ಟದ ಕೆಳಗೆ ಎಡಗಾಲಿನ ಚಪ್ಪಲಿಯನ್ನು ಒಂದು ಮರದ ಬುಡದಲ್ಲಿ ಬಿಡುತ್ತಾನೆ, ಬಲಗಾಲಿನದನ್ನು ಇನ್ನೆಲ್ಲೋ ಹೂವಿನ ಅಂಗಡಿಯ ಮುಂದೆ. ಜೊತೆ ಇದ್ದರೆ ತಾನೆ ಕಳ್ಳ ಕದಿಯುವುದು! ಒಂದು ಸಲ ಇಳಿದು ಬಂದಾಗ ಯಾವ ಮರವೆಂದು ಅವನಿಗೇ ಮರೆತು, ಒಂಟಿ ಚಪ್ಪಲಿಯಲ್ಲಿ ಕುಂಟಿಕೊಂಡು ಮನೆಗೆ ಬಂದ. ಗೆದ್ದವನು ಕಳ್ಳನೋ ಅಣ್ಣಯ್ಯನೋ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಬೆಟ್ಟದ ಮೇಲೆ ಇನ್ನೊಂದು ತಮಾಷೆ. ಗಂಟೆ ಬಾರಿಸಿ, ಕೈಮುಗಿದು, ತೀರ್ಥ ತೆಗೆದುಕೊಂಡು ಹೊರಗೆ ಬಂದವನು ಮತ್ತೆ ಹೋಗಿ ಸಾಲಿನಲ್ಲಿ ನಿಲ್ಲುತ್ತಾನೆ.

“ಯಾಕೋ ಅಣ್ಣಯ್ಯ, ಈಗ ತಾನೆ ಆಯ್ತಲ್ಲ?”

“ನಾಮ ಕಣ್ಣಿಗೆ ಅಡ್ಡ ಐತೆ ಕಣವ್ವ. ನಾವು ಬಂದಿದ್ದು ಸ್ವಾಮಿ ಗಮನಕ್ಕೆ ಬಂತೋ ಇಲ್ವೋ. ಇನ್ನೊಂದ್ಸಲ ತೋರಿಸ್ಕಂಡು ಬತ್ತೀನಿ.”

ದೇವರ ಗಮನದ ಮೇಲೇ ಅನುಮಾನಪಟ್ಟವನು ಹುಲುಮನುಷ್ಯಳಾದ ನನ್ನ ಗಮನವನ್ನು ಬಿಟ್ಟಾನೆಯೇ?

ಈ ಕಾಯಿಲೆಯಿಂದ ಅವನ ಹೊಟ್ಟೆ ತುಂಬುತ್ತಿತ್ತು ಎನ್ನುವುದನ್ನೂ ಹೇಳಬೇಕು. ಅವನದು ತೆಂಗಿನಕಾಯಿ ವ್ಯಾಪಾರ. ಗಂಡಸಿಯಿಂದ ಹಳೇಬೀಡಿನವರೆಗೆ ತೋಟ ತೋಟ ಸುತ್ತಿ ಕಾಯಿ ಕೊಂಡು ಅರಸೀಕೆರೆ ಮಂಡಿಗೆ ಹಾಕುತ್ತಿದ್ದ. ರಾಶಿಯಿಂದ ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದ. “ಮನುಷ್ಯ ಸುಳ್ಳು ಹೇಳ್ತಾನೆ, ಕಾಯಿ ಹೇಳಕಿಲ್ಲ. ನೀರಿದ್ರೆ ನೀರೈತೆ ಅಂತದೆ, ಇಲ್ದಿದ್ರೆ ಸುಮ್ಕಿರ್ತದೆ” ಎನ್ನುವುದು ಅವನ ವೇದಾಂತ.

ಹೊಟ್ಟೆ ತುಂಬಿಸಿದ ಕಾಯಿಲೆಯೇ ಮದುವೆಗೆ ಅಡ್ಡಗಾಲಾಯಿತು. ಹೆಣ್ಣು ನೋಡಲು ಹೋದ ಮನೆಯಲ್ಲಿ ತಟ್ಟೆಗೆ ಉಪ್ಪಿಟ್ಟು ಬಂತು. ಇವನು ಒಂದು ಚಮಚ ಬಾಯಿಗಿಟ್ಟು, ಇದು ಹುಡುಗಿ ಮಾಡಿದ್ದೋ ಹೋಟೆಲಿನಿಂದ ತರಿಸಿದ್ದೋ ಎಂದು ಬಾಣಲೆ ನೋಡಲು ಸೀದಾ ಅಡುಗೆಮನೆಗೆ ಎದ್ದು ನಡೆದ! ಆ ಉಪ್ಪಿಟ್ಟು ನಮ್ಮ ನೆಂಟರಿಷ್ಟರಲ್ಲೆಲ್ಲ ಪ್ರಸಿದ್ಧವಾಗಿ, ಆಮೇಲೆ ಯಾರೂ ಹೆಣ್ಣು ತೋರಿಸಲಿಲ್ಲ. ಅವ್ವ ಸಾಯುವ ಮುಂಚೆ ನನ್ನ ಕೈ ಹಿಡಿದು, “ನಿಮ್ಮಣ್ಣನಿಗೊಂದು ಜೊತೆ ಮಾಡ್ಸವ್ವ. ಅವ್ನು ಯಾರನ್ನೂ ನಂಬಕಿಲ್ಲ, ನಿನ್ನ ಮಾತು ಕೇಳ್ತಾನೆ” ಎಂದಿದ್ದಳು. ನಾನು “ಹೂಂ” ಎಂದಿದ್ದೆ.

ಈ ಹೂಂ ಬಗ್ಗೆ ಸ್ವಲ್ಪ ಹೇಳಲೇಬೇಕು. ಈಗಿನವರಿಗೆ ಇದು ಗೊತ್ತೋ ಇಲ್ಲವೋ! ನಾವು ಚಿಕ್ಕವರಿದ್ದಾಗ ಅವ್ವ ದೀಪ ಹಚ್ಚಿ, ಕೊಬ್ಬರಿ ಹೋಳು ಬಿಡಿಸುತ್ತಾ ಕಥೆ ಹೇಳುತ್ತಿದ್ದಳು. ಕೇಳುವವರು ಒಂದೊಂದು ಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ರಾಜಕುಮಾರ ಕುದುರೆಯ ಮೇಲೆ ಒಂದು ಕಾಲು ಹಾಕಿದ್ದರೆ ಇನ್ನೊಂದು ಕಾಲು ನೆಲದಲ್ಲೇ! ನಮಗೆ ತೂಕಡಿಕೆ ಬಂದರೆ ಪಾಪ, ಅವನು ಬೆಳಗಿನವರೆಗೂ ಹಾಗೇ ಇರಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಹಗಲಿನಲ್ಲಿ ಕಥೆ ಹೇಳಬಾರದು. ಹೇಳಿದರೆ ಎಲ್ಲೋ ಹೋಗುತ್ತಿರುವ ದಾರಿಹೋಕರು ದಾರಿ ತಪ್ಪುತ್ತಾರೆ ಎಂದು ಅವ್ವ ಹೆದರಿಸುತ್ತಿದ್ದಳು.

ಅವ್ವ ಹೋದ ಮೇಲೆ ಹೇಳುವ ಹಕ್ಕು ಅಣ್ಣಯ್ಯನಿಗೆ ಬಂತು, ಹೂಂಗುಟ್ಟುವ ಕೆಲಸ ನನಗೆ. ನಾನು ಅರಸೀಕೆರೆಗೆ ಮದುವೆಯಾಗಿ ಬಂದ ಮೇಲೂ ಸಂತೆಯ ದಿನ ತಪ್ಪದೆ ಬಂದು, ಹಗಲು ಹೊತ್ತಾದ್ದರಿಂದ ಕಥೆಯ ಬದಲು ವಾರದ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಯಾವ ತೋಟದಲ್ಲಿ ಯಾವ ಮರಕ್ಕೆ ನುಸಿ ಬಿತ್ತು, ಯಾವ ದಲ್ಲಾಳಿಯ ನಗುವಿನಲ್ಲಿ ಏನು ಮೋಸವಿತ್ತು, ಎಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನಗೆ ಬರುತ್ತಿದ್ದ ವಿದ್ಯೆಯೆಂದರೆ ಕೇಳುವುದೊಂದೇ. “ನಿನ್ನಂಗೆ ಹೂಂ ಅನ್ನೋರು ಈ ತಾಲ್ಲೂಕಲ್ಲೇ ಇಲ್ಲ ಕಣವ್ವ” ಎಂದು ಅಣ್ಣಯ್ಯ ಹೊಗಳುತ್ತಿದ್ದ. ಅವನ ಬಾಯಿಂದ ಹೊಗಳಿಕೆ! ಅದೂ ಅನುಮಾನವಿಲ್ಲದ್ದು!

ಆ ವಿದ್ಯೆಯನ್ನು ನಾನು ಕಳೆದುಕೊಂಡ ಕಥೆ ಇದು.

ನಮ್ಮ ಯಜಮಾನರದು ಸ್ಟೇಷನ್ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ, ಹಿಂದುಗಡೆಯೇ ಮನೆ. ಅರಸೀಕೆರೆಗೆ ಇಂಟರ್ನೆಟ್ ಹೊಸದಾಗಿ ಬಂದ ಕಾಲ. ಮೊಬೈಲು ಇನ್ನೂ ದೊಡ್ಡವರ ಜೇಬಿನಲ್ಲೇ ಇತ್ತು. ಇವರು ಎಲ್ಲಿಂದಲೋ ಹಳೆಯ ಕಂಪ್ಯೂಟರುಗಳನ್ನು ತಂದು, ನಡುವೆ ಪ್ಲೈವುಡ್ಡಿನ ತಡಿಕೆ ಹಾಕಿ, ಮನೆಯ ಫೋನಿನ ತಂತಿಯನ್ನೇ ಅವಕ್ಕೆ ಸಿಕ್ಕಿಸಿ ‘ಬ್ರೌಸಿಂಗ್ ಸೆಂಟರ್’ ಎಂದು ಬೋರ್ಡು ಬರೆಸಿಯೇಬಿಟ್ಟರು. ಆಗೆಲ್ಲ ಇಂಟರ್ನೆಟ್ಟಿಗೆ ಹೋಗಬೇಕಾದರೆ ಒಂದು ಡಬ್ಬಿ ಕುಂಯ್ಯೋ ಕಿರ್ರೋ ಎಂದು ಕಿರುಚಿಕೊಳ್ಳುತ್ತಿತ್ತು. ಅಣ್ಣಯ್ಯ ಮೊದಲ ದಿನ ಆ ಸದ್ದು ಕೇಳಿ ಬಾಗಿಲಲ್ಲೇ ನಿಂತ.

“ಒಳಗೆ ಯಾರೋ ಅಳ್ತಾವ್ರೆ.”

“ಯಾರೂ ಇಲ್ಲ ಭಾವ, ಲೈನು ಕನೆಕ್ಟ್ ಆಗೋ ಸದ್ದು” ಎಂದರು ಇವರು.

“ಕನೆಕ್ಟ್ ಆಗೋದಾದ್ರೆ ಖುಷೀಲಿ ಆಗ್ಬೇಕು. ಇದ್ಯಾಕೆ ಹಿಡ್ದು ಕಟ್ಟಿದಂಗೆ ಕಿರುಚ್ತೈತೆ?” ಎಂದವನೇ ಕಂಪ್ಯೂಟರಿನ ಹಿಂದೆ ಹೋಗಿ ಇಣುಕಿದ. ಕನ್ನಡಿಯ ಹಿಂದೆ ನೋಡುವವನು ಇದನ್ನು ಬಿಡುತ್ತಾನೆಯೇ? ಆಮೇಲೆ ತೋರುಬೆರಳಿನಿಂದ ಅದರ ತಲೆಯನ್ನು ಟಕಟಕ ಬಡಿದು ಕಿವಿಗೊಟ್ಟ. “ನೀರಿಲ್ಲ” ಎಂದು ತೀರ್ಪು ಕೊಟ್ಟ.

ಅವನು ಗಂಡಸಿಯ ಬೂತಿನಿಂದ ನಮಗೆ ಫೋನು ಮಾಡಿದಾಗಲೆಲ್ಲ ಎಂಗೇಜು. ಇಂಟರ್ನೆಟ್ ನಡೆಯುವಷ್ಟು ಹೊತ್ತೂ ಆ ತಂತಿಯಲ್ಲಿ ಫೋನು ಬರುವಂತಿರಲಿಲ್ಲ. ವಿವರಿಸಿ ಹೇಳಿದರೂ ಅವನು ನಂಬಲಿಲ್ಲ. “ಯಾರ ಜೊತೆ ಇಷ್ಟೊತ್ತು ಮಾತಾಡ್ತೀಯ? ಆ ಕಡೆ ಯಾರವ್ರೆ? ಹೆಸರಿಲ್ಲದೋರ ಜೊತೆ ಮಾತೇನು?”

ಯಜಮಾನರು ಹೊರಗೆ ಹೋದಾಗ ಅಂಗಡಿಯಲ್ಲಿ ನಾನು ಕೂರುತ್ತಿದ್ದೆ. ಗಿರಾಕಿಗಳಿಲ್ಲದಾಗ ಸುಮ್ಮನೆ ಕೂರುವುದೇಕೆ ಎಂದು ಒಂದು ದಿನ ಮೌಸು ಹಿಡಿದೆ. ನನಗೆ ಬರುತ್ತಿದ್ದ ಇಂಗ್ಲಿಷೇ ಎ ಬಿ ಸಿ ಡಿ. ಅದನ್ನೂ ಆ ಕೀಬೋರ್ಡಿನವರು ಹುರುಳಿಕಾಳಿನ ಹಾಗೆ ಕಲಸಿ ಚೆಲ್ಲಿದ್ದರು! ಆದರೂ ಕಲಿತೆ. ಮಲ್ಲಿಗೆ ಗಿಡಕ್ಕೆ ಹುಳ ಬಿದ್ದರೆ ಏನು ಮಾಡಬೇಕೆಂದು ಹುಡುಕಲು ಹೋದೆ. ಮಲ್ಲಿಗೆಯಿಂದ ಮದುಮಗಳ ಜಡೆಗೆ ಹೋಯಿತು, ಜಡೆಯಿಂದ ಸೀರೆಗೆ, ಸೀರೆಯಿಂದ ಯಾವುದೋ ರಾಣಿಯ ಅರಮನೆಗೆ, ಅಲ್ಲಿಂದ ಹಿಮ ಬೀಳುವ ದೇಶಕ್ಕೆ. ಒಲೆಯ ಮೇಲಿನ ಹಾಲು ಅಷ್ಟರಲ್ಲಿ ಉಕ್ಕಿ, ಸೀದು, ಪಾತ್ರೆಗೇ ಹುಳ ಬಿದ್ದಷ್ಟು ಕರ್ರಗಾಗಿತ್ತು. ಮಲ್ಲಿಗೆಯ ಹುಳದ ಗತಿಯೇನಾಯಿತು ಎನ್ನುತ್ತೀರಾ? ಗಿಡವೇ ಹೋಯಿತು.

ಅಣ್ಣಯ್ಯ ಸಂತೆಯ ದಿನ ಮೂಲೆಯ ಸ್ಟೂಲಿನ ಮೇಲೆ ಕೂತು ಗಿರಾಕಿಗಳನ್ನು ಪರೀಕ್ಷಿಸತೊಡಗಿದ. ಮಗಳ ಫಲಿತಾಂಶ ನೋಡಲು ಬಂದ ಮೇಷ್ಟ್ರೊಬ್ಬರು ತಮ್ಮ ಜಾತಕದ ಪ್ರಿಂಟು ಹಿಡಿದುಕೊಂಡು ಹೊರಟರು. ಅಣ್ಣಯ್ಯ ಬಾಗಿಲಲ್ಲಿ ಅಡ್ಡ ನಿಂತು, “ಸ್ವಾಮಿ, ಮಗಳು ಪಾಸೋ?” ಎಂದ. ಅವರು ಹಣೆ ಚಚ್ಚಿಕೊಂಡು ಮತ್ತೆ ಒಳಗೆ ಓಡಿದರು. ಮೈಸೂರಿನ ರೈಲಿಗೆ ಹೊತ್ತಿದೆಯೆಂದು ಬಂದು ಕೂತಿದ್ದ ಒಬ್ಬರು, ರೈಲು ಕೂಗಿ ಹೊರಟಾಗ “ಯಾವ ಗಾಡಿ ಅದು?” ಎಂದು ನಮ್ಮನ್ನೇ ಕೇಳಿದರು.

“ನೋಡವ್ವ,” ಎಂದ ಅಣ್ಣಯ್ಯ, “ಬರುವಾಗ ಒಂದು ಕೆಲ್ಸ ಹಾಕ್ಕಂಡು ಬತ್ತಾರೆ, ಹೋಗುವಾಗ ಇನ್ಯಾವ್ದೋ ಮೆಟ್ಕಂಡು ಹೋಯ್ತಾರೆ. ಬೆಟ್ಟದ ಕೆಳಗಿನ ಚಪ್ಪಲಿ ಅದಲುಬದಲಾದಂಗೆ. ಈ ಪೆಟ್ಟಿಗೆ ಏನೋ ಕದೀತೈತೆ. ಏನು ಅಂತ ಗೊತ್ತಾಗ್ತಿಲ್ಲ ಅಷ್ಟೇ.”

ನಾನು ಪರದೆ ನೋಡುತ್ತಲೇ “ಹೂಂ” ಎಂದೆ.

ಅಣ್ಣಯ್ಯನ ಕಿವಿ ನೆಟ್ಟಗಾಯಿತು. ಜೀವಮಾನವಿಡೀ ಕಾಯಿ ಅಲ್ಲಾಡಿಸಿದ ಕಿವಿ! ಅದೇ ದನಿಯಲ್ಲಿ ಸುದ್ದಿ ಮುಂದುವರಿಸಿದ.

“ನಮ್ಮ ಎಮ್ಮೆ ಐತಲ್ಲ, ಮೊನ್ನೆ ಹಾಸನಕ್ಕೆ ಹೋಗಿ ಸಿನಿಮಾ ನೋಡ್ಕಂಡ್ ಬಂತು.”

“ಹೂಂ.”

“ಪಕ್ಕದ ಸೀಟಲ್ಲಿ ನಿನ್ ಗಂಡನೂ ಇದ್ನಂತೆ.”

“ಹೂಂ.”

“ಇಂಟರ್ವಲ್ಲಲ್ಲಿ ಇಬ್ರೂ ಬೋಂಡ ತಿಂದ್ರಂತೆ.”

“ಹೂಂ, ಒಳ್ಳೇದಾಯ್ತು ಬಿಡು.”

ಯಜಮಾನರು ಜೆರಾಕ್ಸ್ ಮಿಷನ್ನಿನ ಮೇಲೆ ಬಿದ್ದುಬಿದ್ದು ನಕ್ಕರು. ಅಣ್ಣಯ್ಯ ನಗಲಿಲ್ಲ. “ನಿನ್ನ ಹೂಂನಲ್ಲಿ ನೀರಿಲ್ಲ ಕಣವ್ವ” ಎಂದ. ಅಷ್ಟೇ ಎಂದ.

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಹಟ ಬಂತು! ಬರೀ ಹೂಂ ಎಂದರೆ ಸಿಕ್ಕಿಬೀಳುತ್ತೇನೆಂದು ನಡುನಡುವೆ “ಹೌದಾ?”, “ಅಯ್ಯೋ ಪಾಪ!”, “ಆಮೇಲೆ?” ಎಂದು ಉದುರಿಸುವುದನ್ನು ರೂಢಿ ಮಾಡಿಕೊಂಡೆ. ಹಿತ್ತಲ ಮನೆಯವರು ಗಂಡು ಮಗುವಾಯಿತೆಂದು ಸಕ್ಕರೆ ಕೊಡಲು ಬಂದಾಗ ಪರದೆಯಿಂದ ಕಣ್ಣು ತೆಗೆಯದೆ “ಅಯ್ಯೋ ಪಾಪ!” ಎಂದುಬಿಟ್ಟೆ. ಅವರು ಆಮೇಲೆ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ.

ಅಣ್ಣಯ್ಯ ನನ್ನ ಈ ಹೊಸ ಕಾಯಿಲೆಯ ಮೂಲ ಹಿಡಿಯಲು ನನ್ನನ್ನು ಬೇಲೂರಿಗೆ ಕರೆದೊಯ್ದ. ದೇವಸ್ಥಾನದಲ್ಲಿ ಕನ್ನಡಿ ಹಿಡಿದ ಶಿಲಾಬಾಲಿಕೆಯ ಎದುರು ನಿಲ್ಲಿಸಿ, ಒಂದು ಪೊಟ್ಟಣ ಕಡಲೆಕಾಯಿ ಬಿಚ್ಚಿದ. “ನಾನು ಇದನ್ನ ತಿಂದು ಮುಗ್ಸೋಗಂಟ ಈ ಗೊಂಬೆ ಒಂದನ್ನೇ ನೋಡ್ತಾ ನಿಂತ್ಕ.”

ಇದೇನು ಮಹಾ ಎಂದು ನಿಂತೆ. ಜಡೆ ನೋಡಿದೆ, ಸರ ನೋಡಿದೆ, ಕನ್ನಡಿ ನೋಡಿದೆ. ಅಷ್ಟಕ್ಕೇ ಮುಗಿಯಿತು! ಮುಂದೇನು? ಪಕ್ಕದ ಗೊಂಬೆ ಯಾವುದು, ಅದರ ಪಕ್ಕದ್ದು? ಕಣ್ಣು ಕಟ್ಟಿಹಾಕಿದ ಕರುವಿನ ಹಾಗೆ ಎಳೆದಾಡಿತು.

“ಅದ್ಯಾಕೆ ನಿನ್ನ ಬೆರಳು ಹಂಗೆ ಕುಣೀತೈತೆ?” ಎಂದ ಅಣ್ಣಯ್ಯ.

ನೋಡಿಕೊಂಡರೆ, ನನ್ನ ಬಲಗೈಯ ತೋರುಬೆರಳು ಸೀರೆಯ ನೆರಿಗೆಯ ಮೇಲೆ ತನ್ನಷ್ಟಕ್ಕೆ ತಾನೇ ಟಕ್ ಟಕ್ ಎಂದು ಒತ್ತುತ್ತಿತ್ತು. ಹೊಯ್ಸಳರ ಕಲ್ಲನ್ನು ಕ್ಲಿಕ್ ಮಾಡಿ ಮುಂದಿನ ಪುಟಕ್ಕೆ ಹೋಗಲು!

“ಅವ್ಳು ಹೊಯ್ಸಳರ ಕಾಲದಿಂದ ಒಂದೇ ಕನ್ನಡಿ ನೋಡ್ತಾ ನಿಂತವ್ಳೆ,” ಎಂದ ಅಣ್ಣಯ್ಯ, ಸಿಪ್ಪೆ ಜೇಬಿಗೆ ಹಾಕಿಕೊಳ್ಳುತ್ತಾ. “ನಿನಗೆ ಒಂದು ಪೊಟ್ಟಣ ಕಡ್ಲೆಕಾಯಿ ಹೊತ್ತು ನಿಲ್ಲಕ್ಕಾಗಕಿಲ್ವಾ?” ಪೊಟ್ಟಣ ಇನ್ನೂ ಅರ್ಧ ಉಳಿದಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಅದನ್ನು ತಿನ್ನಲಿಲ್ಲ.

ಇಷ್ಟೆಲ್ಲ ಹೇಳಿ ನಿಮ್ಮನ್ನು ನಗಿಸಿದ್ದಾಯಿತು. ಇನ್ನು ಹೇಳಬೇಕಾದ್ದು ಹೇಳಿಬಿಡುತ್ತೇನೆ.

ಒಂದು ಮಧ್ಯಾಹ್ನ ಅಣ್ಣಯ್ಯ ಸಂತೆಯ ದಿನವಲ್ಲದಿದ್ದರೂ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಸ್ಟೂಲಿನ ಮೇಲೆ ಕೂತ, ಎದ್ದ, ಮತ್ತೆ ಕೂತ. ಯಜಮಾನರು ಊರಲ್ಲಿರಲಿಲ್ಲ. ನನ್ನ ಪರದೆಯ ಮೇಲೆ ಯಾವುದೋ ದೇಶದ ದೊಡ್ಡ ಬೆಕ್ಕೊಂದರ ಚಿತ್ರ ಇಳಿಯುತ್ತಿತ್ತು. ಆಗ ಚಿತ್ರಗಳು ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ, ಸೊಂಟನೋವಿನವರು ಮೆಟ್ಟಿಲಿಳಿದ ಹಾಗೆ ಇಳಿಯುತ್ತಿದ್ದವು. ಬೆಕ್ಕಿನ ಕಿವಿಗಳು ಕಾಣಿಸಿಕೊಂಡವು. ನನ್ನ ಕಿವಿಗಳು ಕಾಣೆಯಾದವು.

ಅಣ್ಣಯ್ಯ ಬಹಳ ಹೊತ್ತು ಮಾತಾಡಿದ. ನನಗೆ ಅಲ್ಲಲ್ಲಿ ‘ಬಸ್ತಿಹಳ್ಳಿ’, ‘ಹೂವು ಹಣ್ಣು’, ‘ಭಾನುವಾರ’ ಎಂಬ ಮಾತುಗಳು ಬಸ್ಸಿನ ಕಿಟಕಿಯಾಚೆಯ ಊರುಗಳಂತೆ ಹಾದುಹೋದವು. ಅವನು ಏನು ಹೇಳಿದನೆಂದು ನನಗೆ ತಿಳಿದಿದ್ದು ಆಮೇಲೆ. ನಿಮ್ಮನ್ನು ಕಾಯಿಸುವುದಿಲ್ಲ, ಈಗಲೇ ಹೇಳುತ್ತೇನೆ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಅವನು ಕಾಯಿ ಕೊಳ್ಳಲು ಹೋಗುವ ತೋಟದ ಹತ್ತಿರ ತಾಯಿ ಮಗಳು ಒಂದು ಟೀ ಅಂಗಡಿ ನಡೆಸುತ್ತಿದ್ದರು. ಮಗಳಿಗೂ ವಯಸ್ಸಾಗಿತ್ತು, ತಮ್ಮನನ್ನು ಓದಿಸಿ ದಡ ಹತ್ತಿಸುವುದರಲ್ಲಿ ಅವಳ ಮದುವೆಯ ಮಾತು ಹಿಂದೆ ಬಿದ್ದಿತ್ತು. ಅಣ್ಣಯ್ಯನಿಗೆ ಅವಳು ಒಪ್ಪಿಗೆಯಾಗಿದ್ದಳು, ಅವಳಿಗೆ ಇವನು. ನಮ್ಮ ಕಡೆ ಗಂಡಿನ ಮನೆಯ ಹೆಂಗಸು ಹೂವು ಹಣ್ಣು ಹಿಡಿದು ಹೋಗಿ ಕೇಳದೆ ಹೆಣ್ಣಿನ ಮಾತು ಶುರುವಾಗುವುದಿಲ್ಲ. ಅವನಿಗಿದ್ದ ಹೆಂಗಸು ನಾನೊಬ್ಬಳೇ. ಅವನು ಕಾಯಿ ಲೋಡಿಗೆಂದು ಶನಿವಾರವೇ ಹಳೇಬೀಡಿಗೆ ಹೋಗಿರುತ್ತಾನೆ. ನಾನು ಭಾನುವಾರ ಮೊದಲನೇ ಬಸ್ಸಿಗೆ ಬರಬೇಕು.

“ಬತ್ತೀಯ ತಾನೆ?”

“ಹೂಂ.”

“ಮೊದಲ್ನೇ ಬಸ್ಸಿಗೇ?”

“ಹೂಂ.”

ನನ್ನನ್ನು ಇವತ್ತಿಗೂ ಸುಡುವ ಮಾತು ಇದು: ಆ ದಿನ ಅವನು ಎಮ್ಮೆಯನ್ನು ಸಿನಿಮಾಕ್ಕೆ ಕಳಿಸಲಿಲ್ಲ. ಪರೀಕ್ಷಿಸಲಿಲ್ಲ. ಬಾಣಲೆ ನೋಡಲು ಎದ್ದುಹೋದವನು, ಕನ್ನಡಿಯ ಹಿಂದೆ ಇಣುಕಿದವನು, ನನ್ನ ಹೂಂ ಅನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಲಿಲ್ಲ. ಹಾಗೇ ತೆಗೆದುಕೊಂಡು ಹೋದ.

ಭಾನುವಾರ ಬೆಳಿಗ್ಗೆ ನಾನು ಅಂಗಡಿಯಲ್ಲಿ ಕೂತಿದ್ದೆ. ರಜೆಯ ದಿನ, ಗಿರಾಕಿಗಳು ತಡವಾಗಿ ಬರುತ್ತಾರೆ, ಮಿಷನ್ನು ನನ್ನೊಬ್ಬಳದೇ ಎಂಬ ಖುಷಿ. ಏನು ನೋಡುತ್ತಿದ್ದೆ? ದೇವರಾಣೆ ನೆನಪಿಲ್ಲ! ಒಂದೂ ನೆನಪಿಲ್ಲ. ಇಂಟರ್ನೆಟ್ಟಿನ ಡಬ್ಬಿ ಬೆಳಗಿನಿಂದ ಸಂಜೆಯವರೆಗೂ ಫೋನಿನ ತಂತಿ ಹಿಡಿದುಕೊಂಡೇ ಇತ್ತು.

ಮುಂದಿನ ಸಂತೆಗೆ ಅಣ್ಣಯ್ಯ ಬಂದ. ಸ್ಟೂಲಿನ ಮೇಲೆ ಕೂತ. ಕಾಫಿ ಕುಡಿದ. ಸುದ್ದಿ ಹೇಳಲಿಲ್ಲ. ಮರದ ನುಸಿಯಿಲ್ಲ, ದಲ್ಲಾಳಿಯಿಲ್ಲ, ಎಮ್ಮೆಯೂ ಇಲ್ಲ. ಕಾಫಿಯಲ್ಲಿ ಹಾಲು ಎಷ್ಟು ನೀರೆಷ್ಟು ಎಂದೂ ಕೇಳಲಿಲ್ಲ! ಆಗ ಮೊದಲ ಬಾರಿಗೆ ನನಗೆ ಅನುಮಾನ ಹತ್ತಿತು. “ಯಾಕೋ ಅಣ್ಣಯ್ಯ, ಮೈ ಸರಿಯಿಲ್ವಾ?” ಎಂದೆ. “ಏನಿಲ್ಲ ಕಣವ್ವ. ನಿನಗೆ ಕೆಲ್ಸ ಇರ್ತದೆ, ಮಾಡ್ಕ” ಎಂದು ಎದ್ದು ಹೋದ. ಅದರ ಮುಂದಿನ ಸಂತೆಗೂ ಹಾಗೇ. ಅನುಮಾನದ ಕಾಯಿಲೆ ಅಂಟುಜಾಡ್ಯವೆಂದು ಕಾಣುತ್ತದೆ. ನನ್ನ ನಿದ್ದೆ ಹೋಯಿತು. ಮೌಸು ಹಿಡಿದರೆ ಕೈ ನಿಲ್ಲುತ್ತಿತ್ತು. ಇವನೇಕೆ ಮಾತಾಡುತ್ತಿಲ್ಲ? ನಾನು ಏನನ್ನು ಕೇಳಿಸಿಕೊಳ್ಳಲಿಲ್ಲ?

ತಿಂಗಳು ಕಳೆದ ಮೇಲೆ ಗುಟ್ಟು ಬಿಟ್ಟುಕೊಟ್ಟವರು ಬೇಲೂರು ಬಸ್ಸಿನ ಕಂಡಕ್ಟರು. ಮಗಳ ಮಾರ್ಕ್ಸ್‌ಕಾರ್ಡು ಜೆರಾಕ್ಸ್ ಮಾಡಿಸಲು ಬಂದವರು ಚಿಲ್ಲರೆ ಎಣಿಸುತ್ತಾ, “ಅಲ್ಲಮ್ಮ, ಆವತ್ತು ಭಾನುವಾರ ನಿಮ್ಮಣ್ಣ ಹಳೇಬೀಡಲ್ಲಿ ಯಾರನ್ನ ಹುಡುಕ್ತಿದ್ರು?” ಎಂದರು.

“ಯಾಕೆ?”

“ಅರಸೀಕೆರೆ ಕಡೆಯಿಂದ ಬರೋ ಒಂದೊಂದು ಬಸ್ಸೂ ಹತ್ತಿ, ಸೀಟಿನ ಕೆಳಗೆಲ್ಲ ಬಗ್ಗಿ ನೋಡಿ ಇಳೀತಿದ್ರು. ನಡುವೆ ಓಡಿಹೋಗಿ ಫೋನ್ ಬೂತಲ್ಲಿ ನಿಲ್ಲೋರು. ಎಂಗೇಜು ಎಂಗೇಜು ಅಂತ ಗೊಣಗ್ಕಂಡು ವಾಪಸ್ ಬರೋರು. ನಾನು ಸಂಜೆ ಟ್ರಿಪ್ಪಿಗೆ ಹೋದಾಗ್ಲೂ ಅಲ್ಲೇ ಇದ್ರು. ಹೊಸಾ ಪಂಚೆ ಬೇರೆ ಉಟ್ಟಿದ್ರು ಕಣ್ರೀ!”

ಬಸ್ತಿಹಳ್ಳಿ. ಹೂವು ಹಣ್ಣು. ಭಾನುವಾರ. ಹಾದುಹೋಗಿದ್ದ ಊರುಗಳೆಲ್ಲ ಒಂದೊಂದಾಗಿ ಹಿಂದಕ್ಕೆ ಬಂದು ನನ್ನೆದುರು ನಿಂತವು.

ಮಾರನೆಯ ಬೆಳಿಗ್ಗೆ ಮಡಿಲಲ್ಲಿ ಹೂವು ಹಣ್ಣು ಕಟ್ಟಿಕೊಂಡು ಮೊದಲನೇ ಬಸ್ಸಿಗೆ ಹೋದೆ. ಬಸ್ತಿಹಳ್ಳಿಯಲ್ಲಿ ಬಸದಿಗಳ ದಾರಿಯಲ್ಲೇ ಟೀ ಅಂಗಡಿ. ತಾಯಿ ಒಬ್ಬರೇ ಇದ್ದರು. ನಾನು ಯಾರೆಂದು ಹೇಳಿದೆ. ಅವರು ನನ್ನ ಮಡಿಲಿನ ಹೂವನ್ನು ನೋಡಿದರು.

“ತಡ ಆಯ್ತಲ್ಲವ್ವ” ಎಂದರು.

ಹುಡುಗಿಯ ತಮ್ಮನಿಗೆ ಆ ದಿನ ಬಹಳ ಅವಮಾನವಾಗಿತ್ತು. ಬಂಧುಗಳನ್ನೆಲ್ಲ ಕರೆಸಿ ಕಾದಿದ್ದರಂತೆ. ‘ಒಬ್ಬ ತಂಗೀನ ಕರ್ಕಂಡ್ ಬರಕ್ಕಾಗದೋನು ಏನ್ ಸಂಸಾರ ಮಾಡ್ತಾನೆ?’ ಎಂದು ಕೂಗಾಡಿದನಂತೆ. ಬಂದಿದ್ದ ಬಂಧುಗಳಲ್ಲೇ ಒಬ್ಬರು ಕಡೂರು ಕಡೆಯ ಸಂಬಂಧ ಹೇಳಿದರು. ತಿಂಗಳು ತುಂಬುವುದರೊಳಗೆ ಮದುವೆ ಮುಗಿದೂ ಹೋಗಿತ್ತು.

“ನಮ್ ಹುಡುಗೀಗೆ ಇಷ್ಟ ಇತ್ತವ್ವ” ಎಂದರು ಅವರು, ಟೀ ಸೋಸುತ್ತಾ. “ಮೊದಲ್ನೇ ದಿನ ನಿಮ್ಮಣ್ಣ ಏನೋ ಮಾತಾಡ್ತಾ ಎಮ್ಮೆ ಸಿನಿಮಾ ನೋಡ್ತು ಅಂದ್ರು. ನಾನು ಸುಮ್ಕೆ ಹೂಂ ಅಂದ್ಬುಟ್ಟೆ. ಇವ್ಳು ಒಳಗಿಂದ ತಿರುಗಿ ‘ಯಾವ ಸಿನಿಮಾ?’ ಅಂತ ಕೇಳಿದ್ಲು! ನಿಮ್ಮಣ್ಣ ನಕ್ಕಿದ್ದು ಅವತ್ತೇ ನಾನು ನೋಡಿದ್ದು.”

ಅವರು ಕೊಟ್ಟ ಲೋಟವನ್ನು ಕೆಳಗಿಟ್ಟೆ. “ನನ್ನನ್ನ ಬಹಳ ಬೈದಿರಬೇಕು ಅಲ್ವಾ, ಆವತ್ತು?” ಎಂದೆ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

“ನಿನ್ನನ್ನ? ಇಲ್ಲವ್ವ! ನನ್ ಮಗ ಅಷ್ಟು ಕೂಗಾಡ್ತಿದ್ರೂ ನಿಮ್ಮಣ್ಣಂದು ಒಂದೇ ಮಾತು. ‘ನನ್ ತಂಗಿ ಹೂಂ ಅಂದವ್ಳೆ. ಅವ್ಳ ಮೇಲೆ ನಂಗೆ ಅನುಮಾನ ಇಲ್ಲ. ನಂಗೆ ಅನುಮಾನ ಇರೋದು ಬಸ್ಸಿನ ಮೇಲೆ’ ಅಂತ.”

ಅಲ್ಲಿಂದ ನಾನು ಮನೆಗೆ ಹೋಗಲಿಲ್ಲ, ಗಂಡಸಿಗೆ ಹೋದೆ. ಹೊತ್ತು ನೆತ್ತಿಗೇರಿತ್ತು. ಅಣ್ಣಯ್ಯ ಮನೆಯ ಮುಂದೆ ಕಾಯಿರಾಶಿಯ ನಡುವೆ ಕೂತು ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ. ನನ್ನನ್ನು ನೋಡಿ ಗಾಬರಿಯಾದ. “ಯಾಕವ್ವ, ಗಂಡ ಚೆನ್ನಾಗವ್ನಾ?” ನಾನು ಅವನೆದುರು ಕುಕ್ಕರುಗಾಲಿನಲ್ಲಿ ಕೂತೆ.

“ಸುದ್ದಿ ಹೇಳು ಅಣ್ಣಯ್ಯ.”

ಅವನು ನನ್ನನ್ನು ಓರೆಗಣ್ಣಿನಿಂದ ನೋಡಿದ. ಕೈಯಲ್ಲಿದ್ದ ಕಾಯಿಯನ್ನು ಪಕ್ಕಕ್ಕಿಟ್ಟ. ಹಳೆಯ ಅನುಮಾನ ಕಣ್ಣಿಗೆ ವಾಪಸು ಬಂದಿತ್ತು. ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ!

“ನಮ್ಮ ಎಮ್ಮೆ,” ಎಂದ, “ನಿನ್ನೆ ಮತ್ತೆ ಸಿನಿಮಾಕ್ಕೆ ಹೋಗಿತ್ತು.”

“ಯಾವ ಸಿನಿಮಾ?” ಎಂದೆ.

ಅಣ್ಣಯ್ಯ ತಟ್ಟನೆ ನನ್ನ ಕಡೆಗೆ ಪೂರ್ತಿ ತಿರುಗಿದ. ನನ್ನ ಮುಖ ನೋಡಿದ, ಮಡಿಲಲ್ಲಿ ಬಾಡಿದ ಹೂವು ನೋಡಿದ. “ಬಸ್ತಿಹಳ್ಳಿಗೆ ಹೋಗಿದ್ದಾ?” ಎಂದು ಮೆಲ್ಲಗೆ ಕೇಳಿದ.

“ಹೂಂ.”

ಅವನು ಒಂದು ಕಾಯಿ ಎತ್ತಿಕೊಂಡು ಅದರ ಜುಟ್ಟು ಹಿರಿಯತೊಡಗಿದ. ಆಮೇಲೆ ತಲೆಯೆತ್ತದೆ, ಸುದ್ದಿ ಹೇಳುವ ದನಿಯಲ್ಲಲ್ಲ, ಅವ್ವನ ದನಿಯಲ್ಲಿ ಶುರುಮಾಡಿದ.

“ಒಂದೂರಲ್ಲಿ ಒಬ್ಬ ಅಣ್ಣ ಇದ್ದ.”

“ಹಗಲಲ್ಲಿ ಕಥೆ ಹೇಳಬಾರದು ಅಣ್ಣಯ್ಯ.”

“ಹೂಂ ಅನ್ನು.”

“ಹೂಂ.”

“ಅವನಿಗೊಬ್ಳು ತಂಗಿ ಇದ್ಲು.”

“ಹೂಂ.”

“ಒಂದಿನ ಅಣ್ಣನ ಕೆಲ್ಸಕ್ಕೆ ಅಂತ ತಂಗಿ ಮೊದಲ್ನೇ ಬಸ್ಸು ಹತ್ತಿದ್ಲು. ಎಲ್ಲೋ ಯಾರೋ ಹಗಲಲ್ಲಿ ಕಥೆ ಹೇಳ್ತಿದ್ರು. ಅದ್ಕೇ ಆ ಬಸ್ಸು ದಾರಿ ತಪ್ತು.”

ನಾನು ಹೂಂ ಎನ್ನಲಿಲ್ಲ. ಕಥೆ ಅಲ್ಲೇ ನಿಂತಿತು. ಅಣ್ಣಯ್ಯ ಕಾದ.

“ಬಸ್ಸು ದಾರಿ ತಪ್ಪಲಿಲ್ಲ ಅಣ್ಣಯ್ಯ. ನಾನು…”

“ಕಥೆ ಹೇಳ್ತಿರೋನು ನಾನೋ ನೀನೋ?” ಎಂದು ಗದರಿದ. ಕಣ್ಣು ಮಾತ್ರ ಮೇಲೆತ್ತಲಿಲ್ಲ. “ಬಸ್ಸು ದಾರಿ ತಪ್ತು. ಹೂಂ ಅನ್ನವ್ವ, ಮುಂದಕ್ಕೆ ಹೋಗ್ಬೇಕು.”

“ಹೂಂ” ಎಂದೆ.

ಅಣ್ಣಯ್ಯ ತಲೆ ಸ್ವಲ್ಪ ವಾಲಿಸಿ, ಕಣ್ಣು ಮುಚ್ಚಿ ಅದನ್ನು ಕೇಳಿಸಿಕೊಂಡ. ಆಮೇಲೆ ಕಥೆ ಮುಂದುವರಿಸಿದ.